ಕಾಡೆಮ್ಮೆಗೆ ಯಾವ ಗುಂಡು?

ಆಫ್ರಿಕಾದಲ್ಲಿ ಒಂದೇ ಗುಂಡಿಗೆ ಎರಡು ಕಾಡೆಮ್ಮೆ ಕೆಡವಿದ ಏಕೈಕ ಕನ್ನಡಿಗ ನಾನು. ಸುಳ್ಳು. ಇದುವರೆಗೆ ನಾನು ಗುರಿಯಿಟ್ಟು ಹೊಡೆದದ್ದು ನ್ಯೂಜೆರ್ಸಿಯ ಒಂದು ಸೊಳ್ಳೆಗೆ, ಅದೂ ತಪ್ಪಿಸಿಕೊಂಡಿತು. ಆದರೆ ಕಾಡೆಮ್ಮೆಗೆ ಯಾವ ಗುಂಡು ಸರಿ ಅಂತ ಅಮೆರಿಕದವರಿಗೆ ಹೇಳಿಕೊಟ್ಟು ಸಂಬಳ ಎಣಿಸಿದ್ದು ಮಾತ್ರ ನಿಜ. ಇಂಥ ಪ್ರಸಂಗಗಳು ಬೇರೆಯವರ ಮನೆ ಬಾಗಿಲು ತಟ್ಟುವುದಿಲ್ಲ, ವಿಳಾಸ ಕೇಳಿಕೊಂಡು ನನ್ನ ಹತ್ತಿರವೇ ಬರುತ್ತವೆ.

ಆಗ ಡಾಟ್ ಕಾಮ್ ಭರಾಟೆ. ಕೀಬೋರ್ಡ್ ಮುಟ್ಟಿದವನಿಗೆಲ್ಲ ಕೆಲಸ. ನ್ಯೂಜೆರ್ಸಿಯ ಕ್ರ್ಯಾನ್‌ಬರಿ ಊರಿನ ಗೋದಾಮುಗಳ ನಡುವೆ ಬೇಟೆಯ ಸಾಮಾನು ಮಾರುವ ಒಂದು ಕಂಪನಿ. ಮಾಲೀಕ ಬಾಗಿಲಲ್ಲಿ ತಲೆ ಬಗ್ಗಿಸಿ ಬರುವಷ್ಟು ಎತ್ತರದ ಮುದುಕ, ಆಫ್ರಿಕಾ ಸುತ್ತಿ ಬಂದ ಬೇಟೆಗಾರ. ಅವನಿಗೊಂದು ವೆಬ್‌ಸೈಟ್ ಬೇಕಿತ್ತು: ಪ್ರಾಣಿಯ ಹೆಸರು ಒತ್ತಿದರೆ, ದೊಡ್ಡ ರೈಫಲ್ಲಿಗೆ ಯಾವ ಗುಂಡು ಹಾಕಬೇಕು ಅಂತ ಅದು ಹೇಳಬೇಕು. ಅದರ ಪ್ರೋಗ್ರಾಮ್ ಬರೆಯಲು ನಾವಿಬ್ಬರು, ನಾನು ಮತ್ತು ನಮ್ಮ ಟೀಮ್ ಲೀಡ್, ಧಾರವಾಡದವನು. ಇಬ್ಬರೂ ಮೊಟ್ಟೆ ಕೂಡ ಒಡೆದವರಲ್ಲ.

ನನಗೇನು, ಇದು ಹೋದರೆ ಇನ್ನೊಂದು. ಲೀಡ್ ಪಾಡು ಬೇರೆ. ಅವನ ವೀಸಾ ಮುಗಿಯುತ್ತಾ ಬಂದಿತ್ತು. ಮಾಲೀಕ ಹೇಳಿಬಿಟ್ಟಿದ್ದ: "ಡೆಮೊ ಚೆನ್ನಾಗಿ ಆಗಲಿ, ನಿನ್ನ ಗ್ರೀನ್ ಕಾರ್ಡ್ ಸ್ಪಾನ್ಸರ್ ಮಾಡ್ತೀನಿ. ಕೆಟ್ಟರೆ, ಗುಡ್ ಲಕ್."

೧. ಕೋಡುಬಳೆ

ಮೊದಲ ದಿನ ಮಾಲೀಕ ಪಾಠ ಮಾಡಿದ. ಗುಂಡಿನಲ್ಲಿ ಮುಖ್ಯವಾಗಿ ಎರಡು ಜಾತಿ. ಮೂತಿ ಮೆತ್ತಗಿದ್ದದ್ದು ಮೈಗೆ ಹೊಕ್ಕ ಕೂಡಲೇ ಅಣಬೆ ಹಾಗೆ ಅರಳುತ್ತದೆ. ಅದು ಜಿಂಕೆ ಗಿಂಕೆಗೆ. ಗಟ್ಟಿಯದು ಅರಳುವುದಿಲ್ಲ, ದಪ್ಪ ಚರ್ಮ, ಮೂಳೆ ಏನೇ ಬರಲಿ ನೆಟ್ಟಗೆ ಹೋಗುತ್ತದೆ. ಅದು ಆನೆ, ಕಾಡೆಮ್ಮೆಗೆ.

ಲೀಡ್ ಸ್ವಲ್ಪ ಯೋಚಿಸಿ ನನಗೆ ಹೇಳಿದ: "ತಿಳೀತು ಬಿಡಪಾ. ಮೆತ್ತಂದು ಪೂರಿ ಇದ್ದಂಗ, ಬಿದ್ದ ಕೂಡ್ಲೆ ಉಬ್ಬತದ. ಗಟ್ಟೀದು ನಮ್ಮಾಕಿ ಮಾಡೂ ಕೋಡುಬಳಿ. ಎಲ್ಲಿ ಬಿದ್ರೂ ಹಂಗ ಇರತದ."

ಇಂಥ ಮಾತು ನನ್ನ ಹೊಟ್ಟೆಯಲ್ಲಿ ಉಳಿಯುವುದುಂಟೇ? ಮಾಲೀಕನಿಗೆ ಅನುವಾದಿಸಿ ಹೇಳಿದೆ. ತಂದು ತೋರಿಸಿ ಅಂದ. ಮರುದಿನ ಡಬ್ಬಿ ಬಂತು. ಮುದುಕ ಒಂದು ಕೋಡುಬಳೆ ಕಚ್ಚಿದ, ನಿಂತ, ದವಡೆ ಹಿಡಿದುಕೊಂಡು ಅದನ್ನೇ ತಿರುಗಿಸಿ ನೋಡಿದ. ಕಚ್ಚಿದ ಗುರುತೇ ಇರಲಿಲ್ಲ.

"ಕರೆಕ್ಟ್. ಇದು ಆನೆಗೇ," ಅಂದ.

೨. ಚೊಂಬು

ಒಂದು ಮಧ್ಯಾಹ್ನ ಮಾಲೀಕ ಇಲ್ಲದಾಗ ಫೋನ್ ಬಂತು. ಯಾರೋ ಗಿರಾಕಿ, ಆಫ್ರಿಕಾಗೆ ಹೊರಟವನು, ಕಾಡೆಮ್ಮೆಗೆ ಯಾವ ಗುಂಡು ಅಂತ ಎಕ್ಸ್‌ಪರ್ಟ್ ಹತ್ತಿರ ಮಾತಾಡಬೇಕಂತೆ.

"ಹೇಳಿ, ನಾನೇ," ಅಂದೆ. ಲೀಡ್ ಹಣೆ ಹಣೆ ಬಡಿದುಕೊಂಡ.

"ನಿನಗೆ ಎಮ್ಮೆಗಳ ಅನುಭವ ಇದೆಯೇ?"

"ಅವುಗಳ ನಡುವೆಯೇ ಬೆಳೆದವನು ಸರ್."

"ಎಷ್ಟು ಹತ್ತಿರದಿಂದ ನೋಡಿದ್ದೀಯ?"

"ಮುಟ್ಟಿದ್ದೇನೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ."

ಆ ಕಡೆ ಕುರ್ಚಿ ಎಳೆದು ಕೂತ ಸದ್ದು. ಆಮೇಲೆ ಮೆಲ್ಲಗೆ, "ಕೈಯಲ್ಲಿ ಯಾವ ರೈಫಲ್?"

"ರೈಫಲ್ ಎಲ್ಲಿಯದು ಸರ್? ಒಂದು ಹಿತ್ತಾಳೆ ಚೊಂಬು, ಅಷ್ಟೇ."

ಗಟ್ಟಿ ಗುಂಡೇ ತಗೊಳ್ಳಿ ಅಂದೆ. ಎರಡು ಪೆಟ್ಟಿಗೆ ತಗೊಂಡ. ಫೋನ್ ಇಡುವ ಮೊದಲು, ಆ ಚೊಂಬೂ ನಿಮ್ಮಲ್ಲಿ ಸಿಗುತ್ತದೆಯೇ ಅಂತ ಕೇಳಿದ.

೩. ಮಾಲೀಕ ಬರುತ್ತಾನೆ

ಪ್ರಾಣಿಗಳ ಪುಟ ಬರೆಯುವಾಗ ಲೀಡ್ ಆನೆಯ ಹತ್ತಿರ ನಿಂತುಬಿಟ್ಟ. "ಗಣಪತಿಗೆ ಗುಂಡು ಹಾಕೂ ಪ್ರೋಗ್ರಾಮ್ ನಾ ಬರಿಯೂದಿಲ್ಲ. ನೀನಽ ಬರಿ."

ಬರೆದೆ. ಸುಮ್ಮನೆ ಬರೆಯಲು ನನ್ನ ಕೈ ಒಪ್ಪಬೇಕಲ್ಲ. ಆನೆ ಒತ್ತಿದರೆ, "ಇವರು ನಮ್ಮ ದೇವರು. ದಯವಿಟ್ಟು ಬೇರೆ ಆರಿಸಿ" ಅಂತ ಬರುವ ಹಾಗೆ ಮಾಡಿದೆ. ಇಂಗ್ಲಿಷಿನಲ್ಲೇ. ರುಚಿ ಹತ್ತಿತು, ಉಳಿದವಕ್ಕೂ ಹಾಕಿದೆ. ಲೀಡ್ ನೋಡಿ ಬೈದು ಅಳಿಸಲಿ ಅಂತ ನನ್ನ ಆಸೆ. ಅವನು ಆನೆ ಒಂದನ್ನೇ ಒತ್ತಿ ನೋಡಿದ, ಸ್ಕ್ರೀನಿಗೆ ಕೈಮುಗಿದ, "ಛಲೋ ಬರದೀ" ಅಂತ ಎದ್ದುಹೋದ. ಆಮೇಲೆ ಉಳಿದದ್ದು ನೋಡಿ ಅಳಿಸುತ್ತಾನೆ ಅಂತ ನಾನು, ಅಳಿಸುವುದೇನಿದೆ ಅಂತ ಅವನು.

ಡೆಮೊ ದಿನ ದುಡ್ಡು ಹಾಕುವ ದೊಡ್ಡ ಮನುಷ್ಯನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಲೀಕ ತಾನೇ ಮೌಸ್ ಹಿಡಿದ.

ಆನೆ. "ಇವರು ನಮ್ಮ ದೇವರು. ದಯವಿಟ್ಟು ಬೇರೆ ಆರಿಸಿ."

ಮಾಲೀಕ ಕೆಮ್ಮಿದ. ಕಾಡುಹಂದಿ. "ಇವರೂ ದೇವರೇ. ಒಮ್ಮೆ ಭೂಮಿ ಎತ್ತಿದ್ದಾರೆ."

ಸಿಂಹ. "ಇದರ ಮೇಲೆ ನಮ್ಮ ತಾಯಿ ಕೂರುತ್ತಾಳೆ."

ನನ್ನ ಪಕ್ಕದಲ್ಲಿ ಲೀಡ್ ಗೊಣಗಿದ: "ಹೋತು. ನನ್ನ ಗ್ರೀನ್ ಕಾರ್ಡ್ ಹೋತು. ನಿನ್ನ ಬಾಯಾಗ ಮಣ್ಣ ಹಾಕ."

ಮಾಲೀಕ ಕಾಡೆಮ್ಮೆ ಒತ್ತಿದ. "ಗಟ್ಟಿ ಗುಂಡೇ ಹಾಕಿ. ತಪ್ಪಿದರೆ ಇದರ ಮಾಲೀಕ ಸ್ವತಃ ಬರುತ್ತಾನೆ."

ಮುದುಕ ಕುರ್ಚಿ ತಿರುಗಿಸಿದ. "ಇದರ ಮಾಲೀಕ ಯಾರು?"

ನಾನು ಸೂರು ನೋಡಿದೆ. ಲೀಡ್‌ಗೆ ಸುಳ್ಳು ಹೇಳಲು ಬರುವುದಿಲ್ಲ. "ಯಮ, ಸರ್. ಸಾವಿನ ದೇವರು. ಅದರ ಮೇಲೆ ಕೂತು ಬರ್ತಾನೆ."

ಮುದುಕ ಪ್ಯಾಂಟು ಮೊಣಕಾಲಿನ ತನಕ ಎಳೆದ. ಮೀನಖಂಡದ ಉದ್ದಕ್ಕೂ ಕೊಂಬು ಸೀಳಿದ ಗಾಯದ ಗುರುತು.

"ಮೆತ್ತನೆ ಗುಂಡು ಹಾಕಿದ್ದೆ," ಅಂದ. "ಅವನನ್ನು ನಾನು ನೋಡಿದ್ದೇನೆ."

ದೊಡ್ಡ ಮನುಷ್ಯ ಬಿದ್ದು ಬಿದ್ದು ನಕ್ಕು, ದುಡ್ಡು ಹಾಕುತ್ತೇನೆ ಅಂದ. ಬೇರೆ ದೇವರುಗಳೆಲ್ಲ ಸೈಟಿನಿಂದ ಹೋದರು. ಕಾಡೆಮ್ಮೆಯ ಮಾತು ಉಳಿಯಿತು. ಲೀಡ್‌ನ ಗ್ರೀನ್ ಕಾರ್ಡನ್ನು ಮಾಲೀಕ ಅದೇ ವಾರ ಸ್ಪಾನ್ಸರ್ ಮಾಡಿದ.

ಆ ಶನಿವಾರ ಇಬ್ಬರೂ ನ್ಯೂಯಾರ್ಕಿನ ಈ ಫ್ಲಶಿಂಗ್ ಗುಡಿಗೆ, ಗಣಪತಿಗೆ ಕಾಯಿ ಒಡೆಸಲು ಬಂದೆವು. "ನಿನ್ನ ಕಾರ್ಡ್ ಮಾಡಿಸಿದ್ದು ಗಣಪತಿ ಅಲ್ಲ, ಎಮ್ಮೆಯ ಮಾಲೀಕ. ಅವನ ಹೆಸರಲ್ಲೂ ಒಂದು ಅರ್ಚನೆ ಮಾಡಿಸು," ಅಂದೆ.

ಲೀಡ್ ನನ್ನ ಬಾಯಿ ಮುಚ್ಚಿದ. "ಸುಮ್ನಿರೋ ಮಾರಾಯಾ. ಅರ್ಚನಾಕ್ಕ ಹೆಸರು, ಗೋತ್ರ, ನಕ್ಷತ್ರ ಎಲ್ಲಾ ಹೇಳಬೇಕಾಗತದ. ಅವಗ ನಮ್ಮ ಪತ್ತೆ ಯಾಕ?"

ನಗಬೇಡಿ, ಆಗ ನಾವು ಕೂತದ್ದು ಗುಡಿಯ ಇದೇ ಕ್ಯಾಂಟೀನಿನ ಇದೇ ಟೇಬಲ್ಲಿನಲ್ಲಿ. ಗಾಯ ಯಾವ ಕಾಲಿಗೆ ಅಂತೀರಾ? ಎಡಗಾಲು. ಹೋದ ಸಲ ಬಲಗಾಲು ಅಂದಿದ್ದೆನೇ? ಇರಬಹುದು. ಈ ಚಹಾದ ದುಡ್ಡು ನೀವು ಕೊಟ್ಟುಬಿಡಿ, ಯಾವ ಕಾಲು ಬೇಕೋ ಅದಕ್ಕೇ ಮಾಡೋಣ.