ಮೂವತ್ತೆರಡು ಪಾಸುಗಳ ಮಹಾದಾನ

ಎಲೈ ಸಹಸ್ರಗಣಕನಿವಾಸಿನಿಯೂ, ಒಮ್ಮೆ ಬರೆದುದನ್ನು ಅಳಿಸಲು ಬ್ರಹ್ಮನಿಗೂ ಬಿಡದ ಅವಿನಾಶಿನಿಯೂ ಆದ ಬ್ಲಾಕ್‌ಚೈನ್ ದೇವಿಯೇ, ನನ್ನ ನಾಲಗೆಯ ಮೇಲೆ ಒಂದು ಗಳಿಗೆ ನೆಲೆಸು. ಮನುಷ್ಯನು ಪಕ್ಕದ ಮನೆಯವನನ್ನು ನಂಬುವುದನ್ನು ಬಿಟ್ಟು ಯಂತ್ರವನ್ನು ನಂಬತೊಡಗಿದ ಆ ಮಹೋನ್ನತ ಯುಗದಲ್ಲಿ, ಹುಬ್ಬಳ್ಳಿಯ ಶಾಲ್ಮಲಾ ರೆಸಿಡೆನ್ಸಿ ಎಂಬ ಪಂಚಾಂತಸ್ತಿನ ದುರ್ಗದಲ್ಲಿ, ಕಟ್ಟಿಕುಲತಿಲಕನೂ ಕೀಲಿಮಣೆಧನುರ್ಧರನೂ ಬ್ಯಾಡ್ಮಿಂಟನ್‌ಸಂಘಕಾರ್ಯದರ್ಶಿಪೀಠವಿರಾಜಮಾನನೂ ಆದ ಪ್ರಭಂಜನ ಕಟ್ಟಿಯು ತನ್ನದೇ ಕಾಂಟ್ರ್ಯಾಕ್ಟಿನೊಡನೆ ಹೂಡಿದ ಘೋರ ಸಮರವನ್ನು ಹೇಳುವೆನು.

ಹಗಲೆಲ್ಲ ವಿಮಾ ಕಚೇರಿಯಲ್ಲಿ ಕಡತ ತಿರುವುತ್ತಿದ್ದ ಈ ಮಹಾಪುರುಷನು ಮೂರು ತಿಂಗಳ ಆನ್‌ಲೈನ್ ಕೋರ್ಸೆಂಬ ಉಗ್ರತಪಸ್ಸನ್ನಾಚರಿಸಿ ಬ್ಲಾಕ್‌ಚೈನಿನ ಮೇಲೆ ತಾನಾಗಿಯೇ ನಡೆಯುವ ಕರಾರಾದ ಸ್ಮಾರ್ಟ್ ಕಾಂಟ್ರ್ಯಾಕ್ಟನ್ನು ಬರೆಯುವ ವಿದ್ಯೆಯನ್ನು ಒಲಿಸಿಕೊಂಡಿದ್ದನು. ಒಲಿದ ವಿದ್ಯೆಯನ್ನು ಯಾರ ಮೇಲಾದರೂ ಪ್ರಯೋಗಿಸಬೇಕಲ್ಲ. ಸಿಕ್ಕವರು ಸಂಘದ ಮೂವತ್ತೆರಡು ಸದಸ್ಯರು. ಅವರಿಗಿದ್ದ ಆಟದಂಗಳ ಒಂದೇ. ಬಾಗಿಲ ಮುಂದೆ ಚಪ್ಪಲಿ ಸಾಲಿಟ್ಟು ಪಾಳಿ ಹಿಡಿಯುವುದು ವಾಡಿಕೆ. ಚಪ್ಪಲಿ ಹಿಂದೆ ಮುಂದೆ ಸರಿದಾಗ ಜಗಳವಾಡುವುದು ಇನ್ನೂ ಹಳೆಯ ವಾಡಿಕೆ.

ಶುಕ್ರವಾರದ ಸಂಜೆ ವೀರನು ಅಂಗಳದ ನಡುವೆ ನಿಂತು ಮೇಘಗಂಭೀರಧ್ವನಿಯಿಂದ ಗರ್ಜಿಸಿದನು.

"ಕೇಳ್ರಿ ಎಲ್ಲಾರೂ. ನಾಳಿಂದ ಈ ಬಾಗಲಾ ಪಾಸ್ ಇದ್ದವರಿಗೆ ಅಷ್ಟ ತೆರೀತದ. ನಾ ಬರದ ಕಾಂಟ್ರ್ಯಾಕ್ಟ್ ತಾನ ನಿಮ್ಮ ನಿಮ್ಮ ಮೊಬೈಲಿನ ವ್ಯಾಲೆಟ್ಟಿಗೆ ಪಾಸು ಮುಟ್ಟಸ್ತದ. ಸೂರ್ಯ ತಪ್ಪಬಹುದು, ಅದು ತಪ್ಪೂದಿಲ್ಲ. ರವಿವಾರ ಹತ್ತರ ಮೀಟಿಂಗಿನೊಳಗ ಒಬ್ಬರಿಗೆ ಮುಟ್ಟಲಿಲ್ಲಂದ್ರೂ ಸೆಕ್ರೆಟರಿ ಕುರ್ಚಿ ಬಿಟ್ಟು ಏಳತೇನಿ."

ಆ ಕುರ್ಚಿಯ ಹೊರತು ಜಗತ್ತಿನಲ್ಲಿ ತನ್ನನ್ನು ಯಾರೂ 'ಸಾಹೇಬ್ರ' ಎನ್ನುವುದಿಲ್ಲವೆಂಬುದು ಅವನಿಗೆ ಗೊತ್ತಿತ್ತು. ಆಡಿದ ಮೇಲೆ ಎದೆ ಸ್ವಲ್ಪ ಹೊಡೆದುಕೊಂಡಿತು. ಅದನ್ನು ಅವನು ವೀರಾವೇಶವೆಂದು ತಿಳಿದನು.

ಎಂಟನೆಯ ಇಯತ್ತೆಯಲ್ಲಿ ಅವನಿಗೆ ಗಣಿತ ಕಲಿಸಿ, ಈಗ ನಿವೃತ್ತರಾಗಿ ಮೂರನೆಯ ಅಂತಸ್ತಿನಲ್ಲಿದ್ದ ಸುಲೋಚನಾಬಾಯಿ ಗಲಗಲಿಯವರು ರ್‍ಯಾಕೆಟ್ಟಿನಿಂದ ಬೆನ್ನು ತುರಿಸಿಕೊಳ್ಳುತ್ತ ಕೇಳಿದರು: "ನೀ ಯಾಕ ಮನಿಮನಿಗೆ ಕಳಸ್ತಿ? ಬೇಕಾದವರು ತಾವ ಬಂದು ತಗೊಳ್ಳಲಿ ಬಿಡೋ."

"ಅಕ್ಕೋರ, ಸಂಕ್ರಾಂತಿಗೆ ಕುಸುರೆಳ್ಳು ಹಂಚಲಿಕ್ಕೆ ನಮ್ಮವ್ವ ಮನಿಮನಿಗೆ ಹೋಗ್ತಿದ್ಲು. ಬಂದು ಒಯ್ರಿ ಅಂತ ಬೋರ್ಡ್ ಹಾಕಿರಲಿಲ್ಲ. ಕೊಡಾಂವ ನಾನು. ನಾನ ಮುಟ್ಟಸಬೇಕು."

ಶನಿವಾರ ಬೆಳಗಿನ ಹನ್ನೊಂದಕ್ಕೆ ದಾನವೀರನು ಗುಂಡಿಯನ್ನೊತ್ತಿದನು. ಮೊದಲ ಪಾಸು ಹೊರಟಿತು, ಎರಡನೆಯದು ಹೊರಟಿತು, ಹದಿನಾರನೆಯದೂ ಹೊರಟಿತು. ಹದಿನೇಳನೆಯದು ದಂತವೈದ್ಯ ಫಕೀರಪ್ಪ ಬಾಳಿಕಾಯಿಯವರದು. ಅವರ ವ್ಯಾಲೆಟ್ಟು ಉಳಿದವರದರಂತೆ ಬರಿಯ ಸಂಚಿಯಲ್ಲ. ಅದೇ ಒಂದು ಕಾಂಟ್ರ್ಯಾಕ್ಟು, ಗಂಡಹೆಂಡಿರಿಬ್ಬರೂ ಒಪ್ಪಿ ರುಜು ಹಾಕದೆ ಏನನ್ನೂ ಬಿಡದು, ಕರೆಯದೆ ಬಂದದ್ದೇನನ್ನೂ ಸೇರಿಸದು. ಅಂಥ ದುರ್ಭೇದ್ಯಕವಾಟವು ಪಾಸನ್ನು ಹೊಸ್ತಿಲಲ್ಲಿಯೇ ತಡೆದು ಹಿಂದಟ್ಟಿತು. ಮತ್ತು ಆ ಲೋಕದ ಧರ್ಮವೇ ಹಾಗೆ: ಒಂದೇ ಉಸಿರಿನಲ್ಲಿ ಹೊರಟ ಕಾರ್ಯದಲ್ಲಿ ಒಂದು ಹೆಜ್ಜೆ ಮುರಿದರೆ, ಮುಂದಿನವು ನಡೆಯುವುದಿಲ್ಲ ಮಾತ್ರವಲ್ಲ, ಹಿಂದಿನವೂ ನಡೆದೇ ಇರಲಿಲ್ಲವೆಂದಾಗುತ್ತದೆ. ಹದಿನಾರೂ ಪಾಸುಗಳು ಹುಟ್ಟದೆಯೇ ಸತ್ತವು. ಆರು ಬಾರಿ ಒತ್ತಿದನು. ಆರು ಬಾರಿಯೂ ಅದೇ ಹದಿನೇಳನೆಯ ಬಾಗಿಲು, ಅದೇ ಸರ್ವನಾಶ.

ಆಗ ಕ್ರೋಧಾರುಣಲೋಚನನಾದ ಪ್ರಭಂಜನನು ಬತ್ತಳಿಕೆಯಿಂದ ಮತ್ತೊಂದು ಅಸ್ತ್ರವನ್ನೆಳೆದನು. ವ್ಯಾಲೆಟ್ಟಿಗೆ ಕೊಡುವ ಈ ಬಗೆಯ ಕರೆ ಎದುರಿನವರು ಒಲ್ಲೆನೆಂದರೂ ಮುರಿದು ಬೀಳುವುದಿಲ್ಲ. ಹೋಗಿ ಬಂದು, 'ಆಯಿತು' ಅಥವಾ 'ಆಗಲಿಲ್ಲ' ಎಂಬ ಒಂದು ಉತ್ತರವನ್ನು ಯಜಮಾನನ ಕೈಗಿಡುತ್ತದೆ, ಅಷ್ಟೆ. ಆ ಉತ್ತರವನ್ನು ನೋಡಬೇಕು. ಆದರೆ ಬಾಣ ಬಿಟ್ಟ ಮೇಲೆ ನಾಟಿತೋ ಇಲ್ಲವೋ ಎಂದು ಬಗ್ಗಿ ನೋಡುವುದು ಗುಮಾಸ್ತರ ಕೆಲಸ, ವೀರರದ್ದಲ್ಲ. ಹಳೆಯದನ್ನು ತೊರೆದು ಹೊಸ ಕಾಂಟ್ರ್ಯಾಕ್ಟು ಬರೆದನು, ಗುಂಡಿಯೊತ್ತಿದನು, ಮೂವತ್ತೆರಡು ಹೆಸರುಗಳ ಮುಂದೆಯೂ 'ಮುಟ್ಟಿದೆ' ಎಂದು ಕಲ್ಪಾಂತದವರೆಗೆ ಅಳಿಯದಂತೆ ಕೆತ್ತಲ್ಪಟ್ಟಿತು. ವಿಜಯಿಯು ಎರಡು ಸಲ ಚಹಾ ಕುಡಿದನು.

ಸಂಜೆ ಐದೂವರೆಗೆ ಡಾಕ್ಟರು ಹೊಸ ರ್‍ಯಾಕೆಟ್ಟು ಹಿಡಿದು ಅವನ ಮನೆಯ ಬಾಗಿಲಲ್ಲಿದ್ದರು.

"ಸೆಕ್ರೆಟರಿ ಸಾಹೇಬ್ರ, ಬಾಗಲಾ ನನ್ನ ಒಳಗ ಬಿಡವಲ್ದರೀ. ನನ್ನ ಪಾಸ್ ಎಲ್ಲೈತಿ?"

"ಮುಟ್ಟೇದಲ್ರಿ ಡಾಕ್ಟರ. ಬ್ಲಾಕ್‌ಚೈನಿನ ಮ್ಯಾಲೆ ಬರದದ ನೋಡ್ರಿ. ಅದು ಸುಳ್ಳು ಹೇಳೂದಿಲ್ಲ."

"ಅದು ಹೇಳೂದಿಲ್ಲ ಖರೆ. ನೀವು ಹೇಳಿದ್ದನ್ನ ಬರಕೊಂಡೈತಿ ಅಷ್ಟ. ಹಲ್ಲು ಕೀಳದನ ಕಿತ್ತೇನಿ ಅಂತ ನಾ ಚೀಟಿ ಕೊಟ್ರ ನೋವು ಹೋಗತೈತೇನ್ರಿ?"

ವೀರನು ಇನ್ನೊಂದು ಪಾಸು ಕಳಿಸಲು ಹೋದನು. ಒಮ್ಮೆ ಮುಟ್ಟಿದವರಿಗೆ ಮತ್ತೆ ಕೊಡಕೂಡದೆಂದು ತಾನೇ ಬರೆದ ಶಾಸನವು ತನ್ನನ್ನೇ ಗದರಿಸಿ ಹಿಂದೆ ಕಳಿಸಿತು. ಮೀಟಿಂಗಿಗೆ ಇನ್ನು ಹದಿನಾರು ತಾಸು. ಕುರ್ಚಿಯ ನಾಲ್ಕು ಕಾಲುಗಳೂ ಅವನ ಕಣ್ಣೆದುರಿಗೆ ಅಲುಗಾಡಿದವು. ಲ್ಯಾಪ್‌ಟಾಪನ್ನು ಬಗಲಲ್ಲಿಟ್ಟುಕೊಂಡು ಮೂರನೆಯ ಅಂತಸ್ತಿಗೆ ಹತ್ತಿದನು.

ಸುಲೋಚನಾಬಾಯಿಯವರು ಹೀರೇಕಾಯಿ ಹೆರೆಯುವುದನ್ನು ನಿಲ್ಲಿಸಿ, ಅವನು ವಿವರಿಸಿದ್ದನ್ನು ಕೇಳಿ, ಚಸ್ಮಾ ಏರಿಸಿ ಪರದೆಯನ್ನು ನೋಡಿದರು.

"ಇಲ್ಲಿ ಉತ್ತರ ಬಂದದ ಅಂತೀ. ಅದನ್ನ ನೋಡಿದ್ದೆಲ್ಲಿ?"

"ನೋಡಿಲ್ರಿ."

"ಎಂಟನೇ ಇಯತ್ತೆಯೊಳಗೂ ಹಿಂಗ. ಲೆಕ್ಕಾ ಮಾಡಿ ತಾಳೆ ನೋಡೂದು ನಿನಗ ಅವಮಾನ." ಅವರು ಹೀರೇಕಾಯಿಯನ್ನು ಮತ್ತೆ ಕೈಗೆತ್ತಿಕೊಂಡರು. "ನಿಮ್ಮವ್ವನ ಮಾತು ತಗದಿದ್ಯಲ್ಲಾ, ಹದಿನೇಳನೇ ಮನಿ ಬಾಗಲಾ ಹಾಕಿತ್ತಂದ್ರ, ಹಿಂದಿನ ಹದಿನಾರ ಮನಿ ಮಂದಿ ಬಾಯಾಗಿಂದ ಕುಸುರೆಳ್ಳು ಕಸಗೊಂಡು ಬರ್ತಿದ್ಲೇನು? ಇಲ್ಲಾ, ಬಾಗಲಾ ಹಾಕಿದ್ದು ನೋಡೀನೂ ಕೊಟ್ಟುಬಂದೆ ಅಂತ ಹೇಳ್ತಿದ್ಲೇನು? ಅವರ ಪಾಲು ಡಬ್ಬಿಯೊಳಗ ತಗದಿಟ್ಟು, ಬಂದಾಗ ಒಯ್ರಿ ಅಂತಿದ್ಲು."

"ಅವರು ಬಂದು ಕೇಳಬೇಕಾಗ್ತದ್ರಿ."

"ಕೇಳಲಿ. ನಿನ್ನ ದೊಡ್ಡಸ್ತಿಕಿಗೆ ಅವರ್‍ಯಾಕ ಹೊರಗ ನಿಂದರಬೇಕು?"

ಹಾಗೆ, ದಾನಾಭಿಮಾನಪರ್ವತಶಿಖರದಿಂದಿಳಿದು, ಆ ಮಹಾರಥಿಯು ಸೋಫಾದ ತುದಿಯಲ್ಲಿ ಕೂತು, ಎರಡನೆಯದನ್ನೂ ತೊರೆದು, ಮೂರನೆಯ ಕಾಂಟ್ರ್ಯಾಕ್ಟು ಬರೆದನು. ಪ್ರತಿ ಉತ್ತರವನ್ನೂ ನೋಡಿದನು. 'ಆಗಲಿಲ್ಲ' ಎಂದು ಬಂದರೆ ಆ ಪಾಲನ್ನು ಬದಿಗಿಟ್ಟು, ಮುಂದಿನವರಿಗೆ ಸಾಗಿದನು. ಬದಿಗಿಟ್ಟದ್ದನ್ನು ಅದರ ಒಡೆಯರೇ ಬಂದು, ತಮಗೆ ಬೇಕಾದ ವ್ಯಾಲೆಟ್ಟನ್ನು ಹೆಸರಿಸಿ ಒಯ್ಯುವಂತೆ ಮಾಡಿದನು. ರವಿವಾರ ಬೆಳಿಗ್ಗೆ ಒಂಬತ್ತೂ ಐವತ್ತಕ್ಕೆ ಡಾಕ್ಟರು ಹೆಂಡತಿಯ ರುಜುವನ್ನೂ ಹಾಕಿಸಿ, ಇನ್ನೊಂದು ಸಾಮಾನ್ಯ ವ್ಯಾಲೆಟ್ಟಿಗೆ ತಮ್ಮ ಪಾಸನ್ನು ತೆಗೆದುಕೊಂಡರು. ಅಂಗಳದ ಬಾಗಿಲು ಟಿಕ್ ಎಂದು ತೆರೆಯಿತು.

ಹತ್ತಕ್ಕೆ ಮೀಟಿಂಗು ಕೂಡಿತು. ಮೂವತ್ತೆರಡರಲ್ಲಿ ಬಂದವರು ಒಂಬತ್ತು ಮಂದಿ. ಪ್ರಭಂಜನನು ಎದ್ದು, ಗಂಟಲು ಸರಿಪಡಿಸಿಕೊಂಡು, ಕೊನೆಯ ಪಾಸನ್ನು ಮುಟ್ಟಿಸಿದ್ದು ತಾನಲ್ಲವಾದ್ದರಿಂದ ಪ್ರತಿಜ್ಞೆಯಂತೆ ಕುರ್ಚಿ ಬಿಡಲು ಸಿದ್ಧನೆಂದು ಸಾರಿ, ಬೇಡ ಬೇಡವೆಂಬ ಆರ್ತನಾದಕ್ಕಾಗಿ ಕಾದನು. ಎಂಟು ಮಂದಿ ಫ್ಯಾನು ನೋಡತೊಡಗಿದರು.

"ನೀವು ಬಿಟ್ರ ಯಾರು ಮಾಡಾವ್ರರೀ?" ಎಂದರು ಡಾಕ್ಟರು. "ನನಗಂತೂ ದವಾಖಾನಿ ಐತಿ."

"ಕೂಡೋ," ಎಂದರು ಸುಲೋಚನಾಬಾಯಿ. "ನಡಾವಳಿ ಬರಿ."

ಅವನು ಕೂತು, ನಡಾವಳಿ ಪುಸ್ತಕದ ಒಂದು ಪೂರ್ತಿ ಹಾಳೆಯನ್ನು ಅಂಗೈಯಿಂದ ನೀವಿ ಹಸನು ಮಾಡಿಕೊಂಡನು. "ಏನಂತ ಬರೀಲ್ರಿ ಅಕ್ಕೋರ?"

"ಪಾಸು ಹಂಚಿದ್ದಾತು ಅಂತ ಬರಿ. ಮುಂದಿನ ವಿಷಯ ತಗೋ. ನಿನ್ನೆ ಸಂಜೀಕ ನೆಟ್ಟು ಹರದದ, ಹೊಸಾದು ಬರೂತನಾ ಎಂಟು ದಿನ ಆಟ ಇಲ್ಲ."

ಪ್ರಭಂಜನನು ಅಷ್ಟನ್ನೇ ಬರೆದನು. ಪಾಸಿಗೆ ಅರ್ಧ ಸಾಲು ಸಾಕಾಯಿತು. ನೆಟ್ಟಿಗೆ ಒಂದೂವರೆ ಬೇಕಾಯಿತು.