ಎರಡು ಪ್ರತಿ ಅರ್ಜಿ, ಒಂದು ಬಟ್ಟಲು ಪಾಯಸ

ಸರ್ಕಾರಿ ನೌಕರನು ತನ್ನ ಅರ್ಜಿಯನ್ನು ಮೇಲಧಿಕಾರಿಯ ಮೂಲಕವೇ ಸಲ್ಲಿಸತಕ್ಕದ್ದು. ಮಾರಿಕಣಿವೆಯ ಕಟ್ಟೆ ಮುಗಿದ ವರ್ಷ ಚಿತ್ರದುರ್ಗದ ಸೀಮೆಯಲ್ಲಿ ಈ ನಿಯಮಕ್ಕೆ ಯಾವ ವಿನಾಯಿತಿಯೂ ಇರಲಿಲ್ಲ. ಮೇಲಧಿಕಾರಿಯನ್ನೇ ಕೊಲ್ಲಬೇಕೆಂದಿರುವವರಿಗೂ ಇರಲಿಲ್ಲ.

ಹೋಬಳಿಯ ಕಂದಾಯ ನೋಡುವ ಶೇಕದಾರ ಏಕಾಂತಪ್ಪನಿಗೆ ಅಂಥ ಯೋಚನೆ ಮೊದಲಿನಿಂದ ಇದ್ದದ್ದಲ್ಲ. ಹನ್ನೊಂದು ವರ್ಷದಿಂದ ಅದೇ ಹೋಬಳಿ, ಅದೇ ಕುಂಟು ಕುದುರೆ. ಒಂದು ಬೆಳಗ್ಗೆ ಜವನಗೊಂಡನಹಳ್ಳಿಯ ದಾರಿಯಲ್ಲಿ ಉಣ್ಣೆ ನೂಲುತ್ತ ನಿಂತಿದ್ದ ಮೂವರು ಮುದುಕಿಯರು ಅವನಿಗೆ ಕೈಮುಗಿದರು.

"ಶೇಕದಾರ್ರಿಗೆ ಶರಣ್ರಿ," ಎಂದಳು ನಿಂಗಕ್ಕ.

"ಮುಂದಾಗೋ ಅಮಲ್ದಾರ್ರಿಗೆ ಶರಣ್ರಿ," ಎಂದಳು ಗಿರಿಯಮ್ಮ.

"ಬೆಳೆ ಮೇಯ್ದವೆ ಅಂತ ನಮ್ಮ ಕುರಿ ದೊಡ್ಡಿಗೆ ಕೂಡಿದಾರೆ, ಬಿಡಿಸ್ರಿ," ಎಂದಳು ದ್ಯಾಮಮ್ಮ.

ಮೂರನೆಯ ಮಾತನ್ನು ಏಕಾಂತಪ್ಪ ಅಲ್ಲೇ ನಡೆಸಿಕೊಟ್ಟ. ಎರಡನೆಯದನ್ನು ಮನೆಗೆ ತಂದ.

ಕುರಿ ಬಿಡಿಸಬಲ್ಲವರು ಯಾರು ಸಿಕ್ಕಿದರೂ ಅವರಿಗೆ ಒಂದು ಮೆಟ್ಟಿಲು ಮೇಲಿನ ಹುದ್ದೆ ಹೇಳುವುದು ಆ ಮುದುಕಿಯರ ವಾಡಿಕೆ. ಇದು ಹೋಬಳಿಗೆಲ್ಲ ಗೊತ್ತಿತ್ತು. ಏಕಾಂತಪ್ಪನಿಗೂ ಗೊತ್ತಿತ್ತು. ತನಗೆ ಹೇಳಿದ್ದು ಮಾತ್ರ ದೈವವಾಣಿ ಎಂದು ಅವನಿಗೆ ಅನ್ನಿಸಿತು.

"ಗುರುವಾರ ಅಮಲ್ದಾರ್ರ ಊಟ ನಮ್ಮನೇಲೇ ಅಲ್ವೇನ್ರಿ?" ಎಂದು ಹೆಂಡತಿ ಅನ್ನಪೂರ್ಣಮ್ಮ ಕೇಳಿದಳು. "ಪಾಯಸ ಮಾಡ್ತೀನಿ. ಅದಕ್ಕೇನು ಹಾಕ್ಬೇಕೋ ನನಗೆ ಬಿಡ್ರಿ."

"ಲೇ, ಮನೆಗೆ ಬಂದೋರು ಕಣೇ! ಅನ್ಯಾಯ ಅಲ್ವಾ?"

"ಅನ್ಯಾಯ ಅಂದ್ರೆ ಆ ಕುಂಟು ಕುದುರೆ ಮ್ಯಾಲೆ ಹನ್ನೊಂದು ವರ್ಷ ಕುಂತಿರೋದು. ನೀವು ಅಮಲ್ದಾರ್ರಾದಾಗ ಸುತ್ಕಳ್ಳಲಿ ಅಂತ ಜರಿ ರುಮಾಲು ತಂದು ಪೆಟ್ಟಿಗೆಯಾಗೆ ಇಟ್ಟು ಎಷ್ಟು ದಿನ ಆತು?"

ಏಕಾಂತಪ್ಪ ಇಡೀ ದಿನ ತನ್ನ ಅಂತರಾತ್ಮದೊಡನೆ ಹೋರಾಡಿದ. ಸಂಜೆಗೆ ಅದು ಒಂದೇ ಒಂದು ಆಕ್ಷೇಪಣೆ ಎತ್ತಿತು. ಜಾಗ ಮೊದಲು ಖಾಲಿಯಾಗಿ ಅರ್ಜಿ ಆಮೇಲೆ ಹೋದರೆ, ಅಷ್ಟರಲ್ಲಿ ಬೆಂಗಳೂರಿನಿಂದ ಯಾರನ್ನಾದರೂ ಕಳಿಸಿಬಿಡುತ್ತಾರೆ. ಪಾಪ ತನ್ನದು, ಹುದ್ದೆ ಇನ್ನೊಬ್ಬನದು. ಇದಂತೂ ಶುದ್ಧ ಅಧರ್ಮ. ಆದ್ದರಿಂದ ಮುಂಚಿತವಾಗಿಯೇ ಬರೆದ:

"ಈ ತಾಲ್ಲೂಕಿನ ಅಮಲ್ದಾರರು ಬರುವ ಗುರುವಾರ ಮಧ್ಯಾಹ್ನದ ಊಟವಾದ ಮೇಲೆ ದೈವಾಧೀನರಾಗಲಿರುವುದರಿಂದ, ತೆರವಾಗುವ ಜಾಗಕ್ಕೆ ಅರ್ಜಿದಾರನನ್ನು ನೇಮಿಸಬೇಕಾಗಿ ವಿಜ್ಞಾಪನೆ."

ನಿಯಮದಂತೆ ಅದನ್ನು ಅಮಲ್ದಾರ ಮೂರ್ತಪ್ಪನವರ ಮೂಲಕವೇ ಕಳಿಸಿದ.

ಗುರುವಾರ ಮೂರ್ತಪ್ಪನವರು ಎಲೆಯ ಮುಂದೆ ಕುಳಿತರು. ಪಾಯಸದ ಬಟ್ಟಲು ಬಂತು. ಅವರು ಅದನ್ನು ಪಕ್ಕಕ್ಕೆ ಸರಿಸಿ, ಕೋಟಿನ ಜೇಬಿನಿಂದ ಕಾಗದ ತೆಗೆದರು.

"ನಿಮ್ಮ ಅರ್ಜಿ ಓದಿದೆ, ಏಕಾಂತಪ್ಪ. ದೊಡ್ಡ ತಪ್ಪು ಮಾಡಿದ್ದೀರಿ."

ಏಕಾಂತಪ್ಪ ತುಪ್ಪದ ಮಿಳ್ಳೆ ಕೆಳಗಿಟ್ಟು ಕೈಮುಗಿದ. "ತಪ್ಪಾತು, ಮಹಾಸ್ವಾಮಿ."

"ಒಂದೇ ಪ್ರತಿ ಕಳಿಸಿದ್ದೀರಲ್ರಿ, ಇನ್ನೊಂದೆಲ್ಲಿ? ಹೋಗ್ಲಿ, ನಾನು ಇಲ್ಲೇ ಸತ್ರೆ ನಿಮಗೆ ಚಾರ್ಜು ಕೊಡೋರು ಯಾರು? ನನ್ನ ರುಜು ಇಲ್ದೆ ಆ ಕುರ್ಚಿ ಮ್ಯಾಲೆ ಹೆಂಗ್ ಕುಂತ್ಕಂತೀರಿ?"

ಇದು ಏಕಾಂತಪ್ಪನಿಗೆ ಹೊಳೆದೇ ಇರಲಿಲ್ಲ. ನಾಚಿಕೆಯಿಂದ ತಲೆ ತಗ್ಗಿಸಿದ.

"ನನಗೆ ಬಡ್ತಿ ಆದ್ರೆ, ಬದುಕಿದ್ದೇ ಚಾರ್ಜು ಕೊಡ್ತೀನಿ. ನಂಗೂ ಆ ಮುದುಕಿಯರು ಸಿಕ್ಕಿದ್ರು ಕಣ್ರಿ. ನನ್ನ ಮೇಲಿನ ಸಾಹೇಬರು ಮುಂದಿನ ತಿಂಗಳು ನಮ್ಮನೆಗೆ ಊಟಕ್ಕೆ ಬರ್ತಾರೆ." ಮೂರ್ತಪ್ಪನವರು ಬಾಗಿಲ ಕಡೆ ತಿರುಗಿದರು. "ತಾಯಿ, ಈ ಪಾಯಸ ಒಂದು ಡಬ್ಬಿಗೆ ಹಾಕಿ ಕೊಡ್ರಿ."

"ಅಷ್ಟರಾಗೆ ಹಳಸುತ್ತಲ್ರೀ," ಎಂದಳು ಅನ್ನಪೂರ್ಣಮ್ಮ ಬಾಗಿಲ ಮರೆಯಿಂದ.

"ಹಳಸಿದ್ರೆ ನಷ್ಟ ಏನಿಲ್ಲ ಬಿಡ್ರಿ."

ಹೀಗೆ ಏಕಾಂತಪ್ಪನ ಅರ್ಜಿ ಮೂರ್ತಪ್ಪನವರ ಅರ್ಜಿಯೊಡನೆ, ಅದು ಅವರ ಮೇಲಿನವರ ಅರ್ಜಿಯೊಡನೆ ಸೇರಿ, ಶಿಫಾರಸುಗಳನ್ನು ಹೊತ್ತು ಮೇಲೇರಿತು. ಒಂದು ತಿಂಗಳಿನೊಳಗೆ ಮೇಲಿನಿಂದ ಸುತ್ತೋಲೆ ಇಳಿಯಿತು:

"ಊಟದಿಂದ ತೆರವಾಗುವ ಹುದ್ದೆಗಳಿಗೆ ಅರ್ಜಿಗಳನ್ನು ಇನ್ನು ಮುಂದೆ ಎರಡು ಪ್ರತಿಗಳಲ್ಲಿ, ಊಟಕ್ಕೆ ಹದಿನೈದು ದಿನ ಮೊದಲು ಸಲ್ಲಿಸತಕ್ಕದ್ದು. ಯಾವ ಅಧಿಕಾರಿಯೂ ಕೇವಲ ಸ್ವಂತ ಹಿತದ ಕಾರಣಕ್ಕಾಗಿ ಕೆಳಗಿನವರ ಅರ್ಜಿಯನ್ನು ತಡೆಹಿಡಿಯತಕ್ಕದ್ದಲ್ಲ."

ಏಕಾಂತಪ್ಪ ಇದನ್ನು ಎರಡು ಸಲ ಓದಿ, ಸರ್ಕಾರದ ನ್ಯಾಯಬುದ್ಧಿಗೆ ತಲೆದೂಗಿದ. ಮೇಲಿನವರ ಊಟಗಳೆಲ್ಲ ಮುಗಿದರೆ ತಾನೂ ಅಮಲ್ದಾರ. ಕಾಯಬೇಕು, ಅಷ್ಟೆ.

ಕಾಯುತ್ತಿರುವಾಗ ಊರಿನ ಪಟೇಲ ಚಿತ್ರಲಿಂಗಪ್ಪ ಬಂದ. ಕೈಯಲ್ಲಿ ಎರಡು ಕಾಗದ.

"ಏನಪ್ಪ ಪಟೇಲ, ನಿನಗೂ ಆ ಮುದುಕಿಯರು ಸಿಕ್ಕಿದ್ರಾ?"

"ಸಿಕ್ಕಿದ್ರು, ಬುದ್ಧಿ. ಕುರಿ ಬಿಟ್ಟೆ."

"ಏನಾಗ್ತೀಯ ಅಂದ್ರು?"

"ಶೇಕದಾರ ಅಂದ್ರು, ಬುದ್ಧಿ." ಪಟೇಲ ವಿನಯದಿಂದ ನೆಲ ನೋಡಿದ. "ಇನ್ನು ಹದಿನಾರು ದಿನಕ್ಕೆ ನಮ್ಮನೇಲಿ ಊಟ. ತಾವು ಬರ್ಬೇಕು. ನಮ್ಮನೆಯಾಕೆ ವೀರಮ್ಮ ಪಾಯಸ ಚೆಂದ ಮಾಡ್ತಾಳೆ."

ಏಕಾಂತಪ್ಪ ಅರ್ಜಿಯನ್ನು ತಿರುವಿ ಹಾಕಿದ. ತಪ್ಪಿಗಾಗಿ ಬಹಳ ಹೊತ್ತು ಹುಡುಕಿದ. ಪ್ರತಿ ಎರಡಿದ್ದವು. ಅವಧಿಗೆ ಒಂದು ದಿನ ಹೆಚ್ಚೇ ಇತ್ತು. ಅಕ್ಷರಗಳು ದುಂಡಗಿದ್ದವು. ತಡೆಹಿಡಿಯಲು ಸ್ವಂತ ಹಿತವೊಂದನ್ನು ಬಿಟ್ಟು ಬೇರೆ ಕಾರಣ ಸಿಗಲಿಲ್ಲ. "ಶಿಫಾರಸಿನೊಂದಿಗೆ ರವಾನಿಸಿದೆ" ಎಂದು ಬರೆದು ರುಜು ಹಾಕಿದ.

ಪಟೇಲ ಹೋದ ಮೇಲೆ ಅನ್ನಪೂರ್ಣಮ್ಮ ಹೊರಗೆ ಬಂದಳು. "ಊಟಕ್ಕೆ ಹೋಗ್ತೀರೇನ್ರಿ?"

"ಹೋಗದೆ ಹೆಂಗೆ?" ಎಂದ ಏಕಾಂತಪ್ಪ. "ನಾನೇ ಶಿಫಾರಸು ಮಾಡಿದೀನಲ್ಲೇ."

ಅನ್ನಪೂರ್ಣಮ್ಮ ಸೊಂಟದಿಂದ ಬೀಗದ ಕೈ ತೆಗೆದಳು.

"ಹಂಗಾದ್ರೆ ಆ ಜರಿ ರುಮಾಲು ಅವತ್ತೇ ಸುತ್ಕಂಡು ಹೋಗ್ರಿ," ಎಂದು ಪೆಟ್ಟಿಗೆ ತೆಗೆಯಲು ಒಳಗೆ ಹೋದಳು.