ಕಬಡ್ಡಿಗೆ ನಿಂತ ಮದುವಿ ಕ್ಯಾಮರಾ

ಮಂದಿ ಮರ್ಯಾದಿ ಯಾವಾಗರ ಒಮ್ಮೆ ಹೋಗ್ತೈತಿ. ನಂದು ಕ್ಯಾಮರಾ ಹೆಗಲಿಗೇರಿಸಿದಾಗೆಲ್ಲ ಹೋಗ್ತೈತಿ, ಅದಕ್ಕ ಬ್ಯಾರೆ ಮುಹೂರ್ತ ನೋಡಬೇಕಂತಿಲ್ಲ.

ಬಳ್ಳಾರ್ಯಾಗ ಇಪ್ಪತ್ತು ವರ್ಷದಿಂದ ಮದುವಿ ವಿಡಿಯೋ ತೆಗಿಯಾಂವ ನಾನು. ಈಗ ಮದುವಿಗೆಲ್ಲ ಡ್ರೋನ್ ಬಂದಾವು. ನನ್ನ ಕಂಡ್ರ, "ಅಯ್ಯ, ನೀವಿನ್ನೂ ಅದೀರೇನ್ರಿ?" ಅಂತ ಕೇಳ್ತಾರ. "ಅದೀನ್ರಿ, ಏನ್ ಮಾಡೂದು" ಅಂತೀನಿ. ಹೆಂಡ್ತಿ ತೀರ್ಕೊಂಡು ಮೂರು ವರ್ಷಾತು. ಮನ್ಯಾಗ ನಾನು, ಹತ್ತನೇ ಕ್ಲಾಸಿನ ಮಗಳು, ಇಬ್ಬರೇ. ಅಡಿಗಿ ನಾನು ಮಾಡ್ತೀನಿ, ಬೈಯೂದು ಆಕಿ ನೋಡ್ಕೋತಾಳ.

ಮಗಳು ಕಬಡ್ಡಿ ಆಡ್ತಾಳ. ಎದುರಿನವರ ಅಂಕಣಕ್ಕ ನುಗ್ಗಿ, ಮುಟ್ಟಿ ವಾಪಸ್ ಬರೂದ್ರಾಗ ಎತ್ತಿದ ಕೈ. ದೂರದ ಊರಿನ ಕ್ರೀಡಾ ಹಾಸ್ಟೆಲ್ಲಿನ ಮೇಡಂ ಒಬ್ಬರಿಗೆ ಯಾರೋ ಈಕಿ ಸುದ್ದಿ ಹೇಳಿದ್ರಂತ. ಫೋನ್ ಮಾಡಿ, "ಬಯಲಿನ್ಯಾಗ ಆಡಿದ್ದು ಒಂದು ವಿಡಿಯೋ ಕಳಸ್ರಿ. ನಮ್ಮ ಹಾಸ್ಟೆಲ್ಲಿನ್ಯಾಗ ಇನ್ನ ಒಂದೇ ಸೀಟ್ ಉಳದೈತಿ. ಒಂದು ತಿಂಗಳು ಟೈಮು" ಅಂದ್ರು.

"ವಿಡಿಯೋನ? ಅದನ್ನ ನಂಗ ಬಿಡ್ರಿ ಮೇಡಂ!" ಅಂದುಬಿಟ್ಟೆ. ನನ್ನ ಬಾಯಿಗಿಷ್ಟು ಮಣ್ಣು ಹಾಕ.

ಈ ಕಡಿ ನೋಡವ್ವ

ಮದುವ್ಯಾಗ ನಮ್ಮ ಮಾತಿಗೆ ತಾಳಿನೂ ನಿಂದರ್ತೈತಿ. "ಒಂದ್ನಿಮಿಷ ಸ್ವಾಮೇರ, ಈ ಕಡಿ ನೋಡ್ರಿ" ಅಂದ್ರ ಮಂತ್ರ ಹೇಳೋರೂ ಬಾಯಿ ಮುಚ್ಚತಾರ, ಮದುಮಗ ತಾಳಿ ಹಿಡ್ಕೊಂಡು ಹಲ್ಲು ಕಿರೀತಾನ. ಇಪ್ಪತ್ತು ವರ್ಷ ಹಂಗ ಬದುಕಿದ ಬಾಯಿ ಇದು.

ಮೊದಲನೇ ಆಟ ಕುರುಗೋಡಿನ್ಯಾಗ. ಎದುರಿಗೆ ಬಾದನಹಟ್ಟಿ ಹುಡುಗ್ಯಾರು. ಗುಡ್ಡದ ಬಂಡಿಗಲ್ಲು ಕಾದು ಹೊಗಿ ಬರೂದೊಂದು ಬಾಕಿ, ಅಂಥಾ ಬಿಸಲು. ನನ್ನ ಮಗಳು ಒಳಗ ಹೋದ್ಲು, ಒಬ್ಬಾಕಿನ್ನ ಮುಟ್ಟಿದ್ಲು, ಇನ್ನೊಬ್ಬಾಕಿನ್ನ ಮುಟ್ಟಿದ್ಲು, ನಡುಗೆರಿ ಕಡಿ ತಿರುಗಿದ್ಲು. ಇನ್ನ ಎರಡೇ ಹೆಜ್ಜಿ. ನನಗ ಮಾರಿ ಕಾಣವಲ್ದು.

"ಪುಟ್ಟೀ, ಒಂದ್ನಿಮಿಷ! ಈ ಕಡಿ ನೋಡವ್ವ!" ಅಂತ ಒದರಿದೆ.

ಪಾಪ, ಹುಟ್ಟಿದಾಗಿಂದ ಆ ದನಿ ಕೇಳಿದಾಕಿ. ನಿಂತ್ಲು. ನೋಡಿದ್ಲು. ನಕ್ಕ್ಲು ಸೈತ. ಹಿಂದಿಂದ ಐದು ಮಂದಿ ಬಂದು ಬಿದ್ರು.

ವಾಪಸ್ ಬರೂಮುಂದ ಬಸ್ಸಿನ್ಯಾಗ ಕಿಟಕಿ ಕಡಿ ಮಾರಿ ಮಾಡಿ ಕುಂತಿದ್ಲು. ಕಡೀಕ ಈ ಕಡಿ ತಿರುಗಿ, "ಅಪ್ಪಾ, ಹೆಂಗ ಬಂದೈತಿ?" ಅಂದ್ಲು.

"ಮಾರಿ ಭಾಳ ಚಂದ ಬಂದೈತವ್ವ. ನಿನ್ನ ಮದುವಿ ಆಲ್ಬಮ್ಮಿಗೂ ಇಡಬೌದು, ಕಾಲಿನ ಹತ್ರ ಇರೂ ಹತ್ತು ಕೈ ಅಳಿಸಿದ್ರಾತು" ಅಂದೆ.

ಆಕಿ ಎದ್ದು ಹೋಗಿ ಮುಂದಿನ ಸೀಟಿನ್ಯಾಗ ಕುಂತ್ಲು.

ಬಂದವರನ್ನ ಬಿಡಂಗಿಲ್ಲ

ಎರಡನೇ ಆಟ ಸಿರುಗುಪ್ಪದಾಗ, ಭತ್ತ ಕೊಯ್ದ ಗದ್ದ್ಯಾಗ. ಈ ಸಲ ಬಾಯಿಗೆ ಟವೆಲ್ ಬಿಗಿದು ಕಟ್ಕೊಂಡೇ ನಿಂತೆ. ಬಾಯಿ ಬಂದ್ ಆತು, ಕೈ ಬಂದ್ ಆಗಬೇಕಲ್ಲ?

ಮದುವ್ಯಾಗ ಮದುಮಗನ್ನ ಬಿಟ್ರೂ ನಡೀತೈತಿ, ಬಂದ ಬೀಗರನ್ನ ಬಿಡಂಗಿಲ್ಲ. ಒಬ್ಬ ಅತ್ತಿ ಮಾರಿ ಬಿಟ್ಟುಹೋದ್ರ ಎರಡು ಮನಿತನ ಮಾತು ಬಿಡ್ತಾವು. ಹಿಂಗಾಗಿ ಆಟ ಶುರುವಾತು ಅನ್ನೂದ್ರಾಗ ನನ್ನ ಕ್ಯಾಮರಾ ತಾನಾಗೇ ಮಂದಿ ಕಡಿ ತಿರುಗ್ತು. ಮಂದಿನೂ ಹಂಗೇ. ರುಮಾಲು ಸರಿ ಮಾಡ್ಕೊಂಡ್ರು, ಬೀಡಿ ಹಿಂದಕ್ಕ ಹಿಡದ್ರು, ಸೆರಗು ಹೊದ್ರು. ಸಾಲು ಹಿಡದು ಒಬ್ಬೊಬ್ಬರನ್ನೇ ತೆಗೆದೆ. ಮುಗೀತು ಅನ್ನೂದ್ರಾಗ ಒಬ್ಬ ಹಿರೇರು ನನ್ನ ರಟ್ಟಿ ಹಿಡದ್ರು.

"ಏಮಯ್ಯಾ, ತೆಕ್ಕಲಕೋಟಿಯಿಂದ ಬಿಸಲಾಗ ಬಂದೀನಿ. ನನ್ನ ಬಿಟ್ಟು ನನ್ನ ಮಗ್ಗಲದಾಂವನ್ನ ತಗೀತಿಯಲ್ಲ, ಏನ್ ನಿನ್ ಲೆಕ್ಕ?"

ಅವರನ್ನೂ ತೆಗೆದೆ. ಅವರು ಮ್ಯಾಲೆದ್ದು ನಿಂತು ಕೈ ಮುಗದ್ರು. ಹಿಂದ ಮಂದಿ ಕೇಕಿ ಹಾಕಾಕತ್ತಿದ್ರು. ನನ್ನ ಮಗಳು ಒಂದೇ ರೈಡಿನ್ಯಾಗ ಮೂವರನ್ನ ಔಟ್ ಮಾಡಿದ್ದು ಆವಾಗಂತ.

ಮನಿಗೆ ಬಂದು ಕಂಪ್ಯೂಟರಿಗೆ ಹಾಕಿದ್ರ, ಅದೂ ಮದುವಿ ಕಂಪ್ಯೂಟರೇ. ತಾನಾಗೇ ಶಹನಾಯಿ ಹಚ್ಚಿ, ಮ್ಯಾಲಿಂದ ಗುಲಾಬಿ ಪಕಳಿ ಉದುರಿಸ್ತು. ನಾ ಪೂರ್ತಿ ನೋಡದ ಕಳಿಸಿಬಿಟ್ಟೆ. ಸಂಜಿಕ ಮೇಡಂ ಉತ್ತರ ಬಂತು: "ಜನ ಭಾಳ ಚಲೋ ಸೇರ್ಯಾರ. ಹೂವೂ ಚಲೋ ಬಿದ್ದಾವು. ಹುಡುಗಿ ಎಲ್ಲಿ ಅದಾಳ್ರಿ?"

ಅದರ ಹಿಂದೇ ಇನ್ನೊಂದು ಬಂತು. "ಇದು ಕಡೀ ಅವಕಾಶ. ಒಂದು ಆಟ ಪೂರಾ ಬೇಕು. ಏನೂ ಕಟ್ ಮಾಡಬ್ಯಾಡ್ರಿ, ಏನೂ ಸೇರಿಸಬ್ಯಾಡ್ರಿ. ಕಟ್ ಮಾಡಿದ್ದು ಕಂಡ್ರ ಬ್ಯಾರೆ ಹುಡುಗಿನ್ನ ತಗೋತೀನಿ."

ಮಗಳು ಅವತ್ತು ಬೈಯಲಿಲ್ಲ. ತಾಟಿನ್ಯಾಗ ಬೆರಳು ಆಡಿಸ್ಕೋತ, "ಅಪ್ಪಾ, ನನಗ ಖರೇನ ಹೋಗೂದೈತಿ" ಅಂದ್ಲು, ಅಷ್ಟೇ. ಆಕಿ ಹೋಗಬಾರ್ದು ಅಂತ ನನ್ನೊಳಗೂ ಒಂದು ಕೆಟ್ಟ ಆಸಿ ಇತ್ತು, ಯಾಕ್ ಸುಳ್ಳು ಹೇಳ್ಲಿ. ಆಕಿ ಹೋದ ಮ್ಯಾಲೆ ಆ ಮನ್ಯಾಗ ನಾ ಯಾರ ಕೂಡ ಮಾತಾಡ್ಲಿ? ಆದ್ರ ವಿಡಿಯೋ ಕೆಡಿಸಿ ಮಗಳನ್ನ ಮನ್ಯಾಗ ಇಟ್ಕೊಂಡ ಅನ್ನಿಸ್ಕೊಳ್ಳೂದು ಬ್ಯಾಡಾಗಿತ್ತು.

ಸಕ್ಕರಿ ಇಳದೈತ್ರಿ

ಐವತ್ತರ ಹತ್ರ ಬಂದು ವಿದ್ಯಾರ್ಥಿ ಆದೆ. ಓಡೋರನ್ನ ಹೆಂಗ ತೆಗೀಬೇಕು ಅಂತ ಮೊಬೈಲಿನ್ಯಾಗ ಪಾಠ ನೋಡಿದೆ. ಕಾಲು ಅಗಲಿಸಿ ನಿಂದ್ರಬೇಕು. ಮೊಳಕೈ ಪಕ್ಕೆಲಬಿಗೆ ಹಚ್ಚಬೇಕು. ಕೈ ತಿರುವಬಾರದು, ಸೊಂಟ ತಿರುವಬೇಕು. ಓಡೋರ ಮುಂದ ಒಂಚೂರು ಜಾಗ ಬಿಡಬೇಕು, ಸುಮ್‌ಸುಮ್ನ ಜೂಮ್ ಮಾಡಬಾರದು. ನನ್ನ ಸೊಂಟ ಮದುವಿ ಊಟ ಉಂಡು ಉಂಡು ತಿರುಗೂದನ್ನ ಯಾವಾಗೋ ಬಿಟ್ಟಿತ್ತು.

ದಿನಾ ಬೆಳಿಗ್ಗೆ ಕಂಟೋನ್ಮೆಂಟಿನ ರಸ್ತ್ಯಾಗ ಒಂದು ಮರದ ಹಿಂದ ನಿಂತು ಪ್ರಾಕ್ಟೀಸು ಮಾಡ್ತಿದ್ದೆ. ಅಲ್ಲಿ ಒಬ್ಬ ದಪ್ಪನ ರಿಟೈರ್ಡ್ ಸಾಹೇಬ್ರು ವಾಕಿಂಗ್ ಬರ್ತಿದ್ರು. ಹತ್ತು ಹೆಜ್ಜಿ ನಡಿಯೂದು, ಕಟ್ಟಿ ಮ್ಯಾಲೆ ಕುಂದ್ರೂದು. ಬ್ಯಾರೆ ಯಾರೂ ಸಿಗಲಾರದಕ್ಕ ಅವರಿಗೇ ಕ್ಯಾಮರಾ ಹಿಡದೆ. ಅವರು ನನ್ನ ನೋಡಿದ್ರು, ಗಡಬಡಿಸಿ ಎದ್ದು ನಡದ್ರು. ಮರುದಿನ ಜೋರು ನಡದ್ರು. ವಾರದಾಗ ಓಡಾಕ ಹತ್ತಿದ್ರು. ನಂದೂ ಸೊಂಟ ಸಡ್ಲಾತು.

ಒಂದಿನ ಅವರ ಹೆಂಡ್ತಿ ನನ್ನ ಹುಡುಕ್ಕೊಂಡು ಬಂದ್ರು. ಪೊಲೀಸ್ ಕಂಪ್ಲೇಂಟ್ ಅಂತ ತಿಳದು ಕ್ಯಾಮರಾ ಬೆನ್ನ ಹಿಂದ ಮುಚ್ಚಿಟ್ಟೆ.

"ನೀವ ಏನ್ರಿ, ನಮ್ಮ ಮಗ ಕಾವಲಿಗೆ ಇಟ್ಟಾಂವ? ನಮ್ಮ ಯಜಮಾನ್ರು ಹಂಗ ತಿಳ್ಕೊಂಡಾರ. ಸಕ್ಕರಿ ಇಳದೈತ್ರಿ! ಹೆಂಗರ ಮಾಡಿ ಮಳಿಗಾಲದತನಕ ನಿಂದರ್ರಿ."

ಉಸಿರು

ಕಡೀ ಆಟ ಬಳ್ಳಾರ್ಯಾಗ, ಮುಂಜಾನೆ. ಮೆಟ್ಲ ಮ್ಯಾಲೆ ಸ್ಟ್ಯಾಂಡ್ ಇಟ್ಟೆ. ಪೂರಾ ಅಂಕಣ ಕಾಣಂಗ ಕ್ಯಾಮರಾ ಕೂಡ್ರಿಸಿದೆ. ಬಾಯಿ ಬಿಡಲಿಲ್ಲ. ಮಂದಿ ಕಡಿ ತಿರುಗಲಿಲ್ಲ. ಎಂಥಾ ಚಂದ ಬರಾಕತ್ತಿತ್ತು ಅಂದ್ರ, ಇಪ್ಪತ್ತು ವರ್ಷದಾಗ ನಾ ಅಂಥಾದ್ದು ತೆಗೆದಿಲ್ಲ.

ಕಡೀ ರೈಡು. ಎರಡೂ ಕಡಿ ಸಮ ಸಮ. ಮಗಳು ಹೋದ್ಲು, ಮುಟ್ಟಿದ್ಲು, ತಿರುಗೂದ್ರಾಗ ಐದು ಮಂದಿ ಹಿಡದು ಕೆಡವಿದ್ರು. ಆಕಿ ಕಾಲು ತಿರುವಿದಂಗ ಕಂಡಿತು. ಮಾರಿ ಮಣ್ಣಾಗ.

ಹೆಂಡ್ತಿ ಅಂಗಳದಾಗ ಬಿದ್ದಾಗ ನಾನು ಯಾರದೋ ತಾಳಿ ತೆಗೀತಿದ್ದೆ. ಕಿಸೇದಾಗ ಫೋನ್ ನಡುಗಾಕತ್ತಿತ್ತು. ಮುಹೂರ್ತ ಮುಗೀಲಿ ಅಂತ ಎತ್ತಲಿಲ್ಲ. ಎತ್ತಿದಾಗ ಎಲ್ಲಾ ಮುಗದಿತ್ತು. ಆ ಪಾಪ ನನಗ ಸಾಯೂತನಕ ಐತಿ.

ಅದಕ್ಕ, ಮಗಳು ಬಿದ್ದದ್ದೊಂದು ಗೊತ್ತು, ಮುಂದ ಏನೂ ಗೊತ್ತಿಲ್ಲ. ಮುಂದಿಂದೆಲ್ಲ ಸ್ಟ್ಯಾಂಡ್ ಮ್ಯಾಲಿನ ಕ್ಯಾಮರಾ ನೋಡೈತಿ. ಅದರಾಗ ಹೊಟ್ಟಿ ಬಂದಾಂವ ಒಬ್ಬ, ಒಂದು ಕಾಲಾಗ ಚಪ್ಪಲಿ, ಅಂಕಣದಾಗ ನುಗ್ತಾನ. ಐದೂ ಹುಡುಗ್ಯಾರನ್ನ ಕಿತ್ತು ಆ ಕಡಿ ಒಗೀತಾನ. ಮಗಳನ್ನ ಕೂಸಿನಂಗ ಎತ್ಕೊಂಡು ನಡುಗೆರಿ ಬಿಟ್ಟು ಉಲ್ಟಾ ದಿಕ್ಕಿಗೆ ಓಡ್ತಾನ.

"ಎಲ್ಲಿ ನೋವಾತವ್ವಾ?"

"ಕಬಡ್ಡಿ ಕಬಡ್ಡಿ ಕಬಡ್ಡಿ!"

"ಕಾಲ? ಕಾಲೇನಾತು?"

"ಕಬಡ್ಡಿ ಕಬಡ್ಡಿ ಕಬಡ್ಡಿ!" ಅಂತ ಆಕಿ ಗೆರಿ ಕಡಿ ಕೈ ಮಾಡಿ ತೋರಸ್ತಾಳ, ಇನ್ನೊಂದು ಕೈಲೆ ನನ್ನ ಬೆನ್ನಿಗೆ ಗುದ್ದತಾಳ. ಉಸಿರು ಬಿಟ್ರ ಔಟು. ಆಕಿ ಕಾಲಿಗೆ ಏನೂ ಆಗಿದ್ದಿಲ್ಲ. ನಾ ಬರೂಮುಂದ ಆಕಿ ಕೈ ಗೆರಿಗೆ ಒಂದೇ ಗೇಣು ದೂರ ಇತ್ತಂತ. ರೆಫರಿ ಸೀಟಿ ಬಾಯಾಗ ಇಟ್ಕೊಂಡು ಊದೂದನ್ನ ಮರೆತು ನಿಂತಾನ.

ಆಟ ಹೋತು. ಆ ಜಾಗ ಕಟ್ ಮಾಡ್ತೀನಿ ಅಂದ್ರ ಮಗಳು, "ಬ್ಯಾಡ, ಪೂರಾ ಅಂದಾರ, ಪೂರಾನೇ ಕಳಿಸು" ಅಂತ ಅಳ್ಕೋತ ಹೇಳಿದ್ಲು. ಕಳಿಸಿದೆ. ನಾನೂ ಗ್ವಾಡಿ ಕಡಿ ಮಾರಿ ಮಾಡಿ ಅತ್ತೆ.

ಎರಡು ದಿನ ಬಿಟ್ಟು ಮೇಡಂ ಫೋನ್ ಮಾಡಿದ್ರು.

"ಐದು ಮಂದಿ ಹಿಡದ್ರೂ ಉಸಿರು ಬಿಡದ ಹುಡುಗ್ಯಾರನ್ನ ಭಾಳ ನೋಡೀನ್ರಿ. ಅಪ್ಪ ಎತ್ಕೊಂಡು ಓಡಿದ್ರೂ ಬಿಡದಾಕಿನ್ನ ಇವತ್ತೇ ನೋಡಿದ್ದು. ಸೀಟ್ ಆಕಿದು, ಕಳಸ್ರಿ."

"ನಾನೇ ಕರ್ಕೊಂಡು ಬರ್ತೀನ್ರಿ ಮೇಡಂ" ಅಂದೆ.

"ಅಯ್ಯ ಬ್ಯಾಡ್ರಿ! ಬ್ಯಾರೆ ಯಾರ ಜೋಡಿನರ ಕಳಸ್ರಿ. ನೀವು ಬಂದ್ರ ವಾಪಸ್ ಎತ್ಕೊಂಡು ಹೋಗ್ತೀರಿ."